ಎರಡು ದಿನದ ಗಂಟು

ತನ್ನ ಮನೆಯ ಬೀದಿಯಲ್ಲಿ ತಾನೇ ಪರಸ್ಥಳದವನ ಹಾಗೆ ನಿಲ್ಲುವುದು ಹೇಗೆಂದು ಸಿದ್ದರಾಜುವಿಗೆ ತಿಳಿಯಲಿಲ್ಲ. ಜಯಲಕ್ಷ್ಮಿಪುರಂನ ಈ ಅಡ್ಡರಸ್ತೆಯಲ್ಲಿ ಅವನು ಲುಂಗಿ ಎತ್ತಿ ಕಟ್ಟಿ ಹಾಲು ತಂದಿದ್ದಾನೆ, ಮಗಳಿಗೆ ಸೈಕಲ್ ಕಲಿಸಿದ್ದಾನೆ, ಹಬ್ಬದ ಹಿಂದಿನ ದಿನ ಎದುರುಮನೆಯವರ ಮಾವಿನ ಸೊಪ್ಪಿಗೆ ಹಲ್ಲು ಕಿರಿದು ನಿಂತಿದ್ದಾನೆ. ಇವತ್ತು ನಗರಪಾಲಿಕೆ ಕಚೇರಿಯವರು ಕೊಟ್ಟ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಬೆಳಗಿನ ಬಿಸಿಲಿಗೆ ಎದೆಯ ಮೇಲಿನ ಪಟ್ಟಿ ಫಳಫಳ ಹೊಳೆಯುತ್ತಿರಲು, ತನ್ನ ಮನೆಯ ಗೇಟಿನ ಕಡೆ ನೋಡಬೇಕೋ ಬಾರದೋ ಎಂದು ಕತ್ತನ್ನು ಅರ್ಧಕ್ಕೆ ತಿರುಗಿಸಿ ನಿಂತಿದ್ದ. ವಾಕಿಂಗ್ ಮುಗಿಸಿ ಬರುತ್ತಿದ್ದ ಮೂಲೆಮನೆಯ ನಿವೃತ್ತ ಪ್ರೊಫೆಸರರು ಮಂಕಿಟೋಪಿ ಸರಿಮಾಡಿಕೊಂಡು, “ಏನ್ರೀ ಇಂಜಿನಿಯರ್ರೇ, ಕೊನೆಗೂ ನಿಮ್ಮನ್ನೇ ಕಸಕ್ಕೆ ಇಳಿಸಿಬಿಟ್ರಾ?” ಅಂದರು. ಸಿದ್ದರಾಜು ನಕ್ಕ. ಅವರು ದಾಟಿಹೋದ ಮೇಲೂ ಆ ನಗು ಮುಖದ ಮೇಲೆ ಉಳಿದುಕೊಂಡಿತು, ತೆಗೆಯಲು ಮರೆತ ಚಪ್ಪಲಿಯ ಹಾಗೆ. ರಾತ್ರಿ ಚೆನ್ನಾಗಿಯೇ ನಿದ್ದೆ ಬಂದಿತ್ತು. ಆದರೂ ಎದ್ದಾಗಿನಿಂದ ಮೈ ಭಾರ. ಈಚೆಗೆ ನಿದ್ದೆಗೂ ದಣಿವಿಗೂ ಸಂಬಂಧವೇ ತಪ್ಪಿಹೋಗಿತ್ತು.

ವಿಷಯ ಬಹಳ ಸಣ್ಣದು, ಕಾಗದದ ಮೇಲೆ ಮಾತ್ರ ದೊಡ್ಡದು. ಊರಿನ ಈ ಭಾಗದಲ್ಲಿ ಮನೆಮನೆಯ ಕಸ ಎತ್ತುವ ಗುತ್ತಿಗೆಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನವಾಗಬೇಕಿತ್ತು. ಟೆಂಡರನ್ನು ಸೋಸಿ ಸೋಸಿ ಕೊನೆಗೆ ಇಬ್ಬರು ಉಳಿದಿದ್ದರು. ಒಂದು, ಹೊರರಾಜ್ಯದ ಕಂಪನಿ; ಹೊಸ ಗಾಡಿಗಳು, ಸಮವಸ್ತ್ರ ತೊಟ್ಟ ಹುಡುಗರು, ನಿಶಾಂತ್ ಎಂಬ ಅತಿ ವಿನಯದ ಮ್ಯಾನೇಜರು. ಇನ್ನೊಂದು, ಊರಿನ ಆಚೆ ತುದಿಯ ಕೆಸರೆಯ ಹೆಂಗಸರ ಸಂಘ. ಇಷ್ಟು ದಿನ ಈ ಬೀದಿಗಳ ಕಸ ಎತ್ತಿದವರು ಅವರೇ, ಅದರಲ್ಲಿ ಅರ್ಧಕ್ಕರ್ಧ ಜನ ಐವತ್ತು ದಾಟಿದವರು. ಕಂಪನಿ ಬಂದರೆ ಅವರನ್ನು ಇಟ್ಟುಕೊಳ್ಳುವುದಿಲ್ಲವೆಂದು ಯಾರೂ ಹೇಳಿರಲಿಲ್ಲ, ಇಟ್ಟುಕೊಳ್ಳುತ್ತೇವೆಂದೂ ಹೇಳಿರಲಿಲ್ಲ. ದರದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಆದ್ದರಿಂದ ಇಬ್ಬರಿಗೂ ಒಂದೇ ಬೀದಿಯಲ್ಲಿ ಒಂದೊಂದು ಬೆಳಿಗ್ಗೆ ಕೊಟ್ಟು ಕೆಲಸ ನೋಡಿ ಅಂಕ ಹಾಕುವುದೆಂದಾಯಿತು. ಬೀದಿಯನ್ನು ಆರಿಸಿದ್ದು ಸಲಹಾ ಸಂಸ್ಥೆಯಿಂದ ಬಂದ ಲಹರಿ ಎಂಬ ಹುಡುಗಿಯ ಕಂಪ್ಯೂಟರು. ಅದು ಸಿದ್ದರಾಜುವಿನ ಬೀದಿಯನ್ನೇ ಎತ್ತಿಕೊಟ್ಟಾಗ ಅವನು, ‘ಇದು ನಮ್ಮ ಮನೆ ಇರುವ ಬೀದಿ, ಬೇರೆ ಹಾಕಿ’ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ನಮ್ಮ ಬೀದಿಯೇ ಎಂದು ಹೇಳಿದನೇನೋ ನಿಜ, ಬೇರೆ ಹಾಕಿ ಎನ್ನಲಿಲ್ಲ. ಒಳಗೊಳಗೆ ಅವನಿಗೆ ಒಂದು ಆಸೆಯಿತ್ತು. ಹೆಂಡತಿ ಯಶೋಧಾ ಅಡಿಗೆಮನೆಯಲ್ಲಿ ಹಸಿರು ಬುಟ್ಟಿ, ನೀಲಿ ಬುಟ್ಟಿ ಇಟ್ಟು, ಹಾಲಿನ ಕವರನ್ನು ಕೂಡ ತೊಳೆದು ಒಣಗಿಸಿ ಹಾಕುವವಳು. ತನ್ನ ಮೇಲಧಿಕಾರಿ ಡಾಕ್ಟರ್ ಬಿಂದುಮಾಧವ ಅವರು ಅದನ್ನೊಮ್ಮೆ ಕಣ್ಣಾರೆ ನೋಡಲಿ ಎಂಬ ಆಸೆ. ಇಷ್ಟು ವರ್ಷ ಕಸದ ವಿಭಾಗದಲ್ಲಿ ದುಡಿದವನಿಗೆ ಹೊಗಳಿಸಿಕೊಳ್ಳಲು ಇನ್ನೇನು ತಾನೇ ಇರುತ್ತದೆ?

ಹಾಗೆಯೇ ಆಯಿತು. ನೆನ್ನೆ ಕಂಪನಿಯ ಸರದಿ ಮುಗಿದಿತ್ತು, ಇವತ್ತು ಸಂಘದ ಗಾಡಿ ಹಾಡು ಹಾಕಿಕೊಂಡು ತಿರುವಿನಲ್ಲಿ ಬಂತು. ಗೇಟುಗಳು ಒಂದೊಂದಾಗಿ ಕಿರುಗುಟ್ಟಿದವು. ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಪುಟ್ಟಬಸಮ್ಮ, ಸಂಘದ ಮುಖ್ಯಸ್ಥೆಯೂ ಅವಳೇ, ಈ ಬೀದಿಯ ಕಸದವಳೂ ಅವಳೇ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಗಳನ್ನು ಈಸಿಕೊಂಡು ಈಸಿಕೊಂಡು ಸುರಿಯುತ್ತಿದ್ದಳು. ಸಿದ್ದರಾಜುವಿನ ಮನೆ ಬಂದಾಗ ಯಶೋಧಾ ಬ್ಯಾಂಕಿಗೆ ಹೊರಟ ಸೀರೆಯಲ್ಲೇ ಎರಡು ಬುಟ್ಟಿ ತಂದಿಟ್ಟಳು. ಬಿಂದುಮಾಧವರು ಬಗ್ಗಿ ನೋಡಿ, “ಶಹಭಾಸ್! ಇದಪ್ಪಾ ಮನೆ ಅಂದ್ರೆ. ಲಹರಿ, ಒಂದು ಫೋಟೋ ತಗೋಮ್ಮ, ರಿಪೋರ್ಟಿಗೆ ಹಾಕೋಣ,” ಎಂದರು. ಫೋಟೋದಲ್ಲಿ ಸಿದ್ದರಾಜುವೂ ಬಿದ್ದ, ಕಿತ್ತಳೆ ಅಂಗಿಯ ಸಮೇತ, ಬುಟ್ಟಿಯ ಪಕ್ಕದಲ್ಲಿ. ಒಂದು ಗಳಿಗೆ ದಣಿವು ಇಳಿದ ಹಾಗಾಯಿತು. ಅಷ್ಟರಲ್ಲಿ ಪುಟ್ಟಬಸಮ್ಮ ಗಾಡಿ ಇಳಿದು, “ಇಂದ್ಗಡೆ ಓಣೀದೂ ಈಸ್ಕ ಬತ್ತೀನಿ ಸಾ,” ಎಂದು ಮನೆಗಳ ಹಿಂಬದಿಗೆ ಹೋದಳು. ಹಳೆಯ ಮನೆಗಳ ಹಿತ್ತಿಲ ಬಾಗಿಲುಗಳು ತೆರೆಯುವ ಸಣ್ಣ ಓಣಿ ಅದು. ಕಸದ ಹೆಂಗಸರು ಬಿಟ್ಟರೆ ಬೆಕ್ಕುಗಳು ಮಾತ್ರ ಅಲ್ಲಿ ಓಡಾಡುವುದು. ನೆನ್ನೆ ಕಂಪನಿಯ ಹುಡುಗರು ಆ ಓಣಿಗೂ ಗಾಡಿ ನುಗ್ಗಿಸಿದ್ದರು. ಆಗ ತನ್ನ ಅವ್ವ ಕೆಂಚಮ್ಮ ಹಿತ್ತಿಲ ಬಾಗಿಲು ತೆರೆದು, ಆ ಹುಡುಗರನ್ನು ಕಂಡು, ಕೈಯಲ್ಲಿದ್ದುದನ್ನು ಸೆರಗಿನೊಳಗೆ ಎಳೆದುಕೊಂಡು ಒಳಗೆ ಸರಿದದ್ದನ್ನು ಸಿದ್ದರಾಜು ದೂರದಿಂದ ನೋಡಿದ್ದ. ಹಳ್ಳಿಯ ಮುದುಕಿ, ಗುರುತಿಲ್ಲದ ಹುಡುಗರಿಗೆ ನಾಚಿಕೊಂಡಳು ಎಂದುಕೊಂಡಿದ್ದ. ಪುಟ್ಟಬಸಮ್ಮನಾದರೆ ಅವ್ವನಿಗೆ ಸಲಿಗೆ. ಮೊದಮೊದಲು ಅವಳಿಗೆಂದು ಒಂದು ಸ್ಟೀಲ್ ಲೋಟ ಹಿತ್ತಿಲ ಗೋಡೆಯ ಮೇಲೆ ಬೇರೆಯಾಗಿ ಮಗುಚಿಕೊಂಡು ಕೂತಿರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಸಿದ್ದರಾಜುವಿಗೆ ನಾಚಿಕೆಯಾಗುತ್ತಿತ್ತು, ಅವ್ವನಿಗೆ ಹೇಳಲು ಧೈರ್ಯವಿರಲಿಲ್ಲ. ಹೋದ ವರ್ಷ ಯಾವಾಗಲೋ ಆ ಲೋಟ ಒಳಗಿನ ಲೋಟಗಳ ಜೊತೆ ಸೇರಿಹೋಯಿತು, ಪುಟ್ಟಬಸಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬಸ್ಸಾರು ಮುದ್ದೆ ಉಣ್ಣತೊಡಗಿದಳು. ನಮ್ಮ ಮನೆಯ ಗಾಳಿ ಅವ್ವನನ್ನೂ ಬದಲಾಯಿಸಿತು ಎಂದು ಅವನು ಹೆಂಡತಿಯ ಹತ್ತಿರ ಹೆಮ್ಮೆ ಪಟ್ಟಿದ್ದ.

ಬೀದಿ ಮುಗಿದ ಮೇಲೆ ಗಾಡಿಯನ್ನು ಆಟದ ಮೈದಾನದ ಮೂಲೆಗೆ ತಂದು ಟಾರ್ಪಾಲಿನ ಮೇಲೆ ಖಾಲಿ ಮಾಡಿದರು. ಇದು ಪರೀಕ್ಷೆಯ ಮುಖ್ಯ ಭಾಗ. ಹಸಿ ಕಸ, ಒಣ ಕಸ, ಇವೆರಡೂ ಅಲ್ಲದೆ ಮೈಗೆ ತಾಗಿದ ಕಸ. ಅಂದರೆ ಡೈಪರು, ಬ್ಯಾಂಡೇಜು, ಇಂಥವು. ಮೂರೂ ಬೇರೆ ಬೇರೆ ಬರಬೇಕು. ಬೆರೆಸಿ ಕೊಟ್ಟರೆ ಗುತ್ತಿಗೆದಾರ ತೆಗೆದುಕೊಳ್ಳಕೂಡದು, ಗೇಟಿನಲ್ಲೇ ಬಿಟ್ಟು ಬರಬೇಕು. ಮೈಕೊಳೆ ಬೆರೆತ ಒಂದೇ ಒಂದು ಚೀಲ ಗಾಡಿಯಲ್ಲಿ ಸಿಕ್ಕರೂ ಆ ಭಾಗದ ಅಂಕ ಪೂರ್ತಿ ಸೊನ್ನೆ. ಈ ನಿಬಂಧನೆ ಬರೆದವನು ಸಿದ್ದರಾಜುವೇ. ಯಾರದೋ ಮನೆಯ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಿ ಕಸದ ಹೆಂಗಸೊಬ್ಬಳ ಕೈ ಕೀವಾದದ್ದನ್ನು ಕಂಡು, ಈ ಕೈಗಳನ್ನು ಉಳಿಸಬೇಕೆಂದು ನಿಜವಾಗಿಯೂ ಮರುಗಿ ಬರೆದದ್ದು. ನೆನ್ನೆ ಕಂಪನಿಯ ಹುಡುಗರು ಆರೇಳು ಮನೆಯ ಚೀಲಗಳನ್ನು ಗೇಟಿನಲ್ಲೇ ಒದ್ದು ಬಂದಿದ್ದರು. ಸಂಜೆಯತನಕ ನಾಯಿಗಳು ಅವನ್ನು ಎಳೆದಾಡಿದವು, ಆದರೂ ಅಂಕ ಪೂರ್ತಿ ಸಿಕ್ಕಿತು. ಇವತ್ತು ಟಾರ್ಪಾಲಿನ ಮೇಲೆ ಬಿದ್ದ ಕಸವೂ ಚೊಕ್ಕಟವಾಗಿಯೇ ಇತ್ತು. ಲಹರಿ ಕಬ್ಬಿಣದ ಕೊಕ್ಕೆಯಲ್ಲಿ ಕೆದಕಿ ನೋಡಿ ತಲೆಯಾಡಿಸಿದಳು. ನೋಡಲೆಂದು ಬಂದಿದ್ದ ನಿಶಾಂತ್ ಕೈಕಟ್ಟಿ ನಿಂತಿದ್ದವನು, ಬಹಳ ಮೆತ್ತಗೆ, “ಸರ್, ಡ್ರೈವರ್ ಸೀಟಿನ ಕೆಳಗೂ ಏನೋ ಇದೆ,” ಎಂದ.

ಕಪ್ಪು ಪ್ಲಾಸ್ಟಿಕ್ಕಿನ ಒಂದು ಗಂಟು. ಎರಡು ದಿನದ್ದು ಸೇರಿದಂತೆ ಉಬ್ಬಿಕೊಂಡಿತ್ತು. ಬಾಯಿಗೆ ದಾರವಲ್ಲ, ರಬ್ಬರ್ ಬ್ಯಾಂಡಲ್ಲ, ಸೀರೆಯ ಅಂಚಿನಿಂದ ಹರಿದ ಒಂದು ಪಟ್ಟಿ ಕಟ್ಟಿತ್ತು. ಗಿಳಿಹಸಿರು, ನಡುವೆ ಮಾವಿನಕಾಯಿಯ ಜರಿ. ಸಿದ್ದರಾಜುವಿನ ಕಣ್ಣು ಆ ಪಟ್ಟಿಯ ಮೇಲೆ ಬಿತ್ತು, ಅಲ್ಲೇ ನಿಂತಿತು. “ಅದು ನಂದು ಸಾ,” ಎಂದಳು ಪುಟ್ಟಬಸಮ್ಮ ಮುಂದೆ ಬಂದು, “ನಮ್ಮನೆ ಅಳೇ ಬಟ್ಟೆ, ಬಿಸಾಕ್ಬುಡವ ಅಂತ ತಂದಿದ್ದೆ.” ಬಿಂದುಮಾಧವರು ಕನ್ನಡಕದ ಮೇಲಿಂದ ನೋಡಿದರು. “ಕೆಸರೆಯಿಂದ ಇಲ್ಲೀವರೆಗೆ ಹೊತ್ತುಕೊಂಡು ಬಂದೆಯೇನಮ್ಮ, ಬಿಸಾಕೋಕೆ?” ಅಷ್ಟರಲ್ಲಿ ಲಹರಿಯ ಕೊಕ್ಕೆ ಪಟ್ಟಿಯನ್ನು ಎಳೆದಿತ್ತು. ಮೇಲೆ ದಂಟಿನ ಸೊಪ್ಪಿನ ಕಡ್ಡಿ, ಈರುಳ್ಳಿ ಸಿಪ್ಪೆ. ಕೆಳಗೆ ಬಟ್ಟೆಯ ತುಂಡುಗಳು, ಅಂಗೈಯಗಲ ಮಡಿಸಿ ಮಡಿಸಿ ಇಟ್ಟವು, ಒದ್ದೆ. ಮೂಗಿಗೆ ಬಡಿದ ವಾಸನೆ ಯಾವುದೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಲಹರಿ ಮುಖ ಆಚೆ ತಿರುಗಿಸಿದಳು. ನಿಶಾಂತ್ ಜೇಬಿನಿಂದ ಕರ್ಚೀಫು ತೆಗೆದ. ಗಿಳಿಹಸಿರು ಸೀರೆ ಹೋದ ಗೌರಿ ಹಬ್ಬಕ್ಕೆ ಸಿದ್ದರಾಜುವೇ ಅಂಗಡಿಗೆ ಹೋಗಿ ಆರಿಸಿ ತಂದದ್ದು. ಅವ್ವ ಒಂದೇ ಸಲ ಉಟ್ಟಿದ್ದು. ಆಮೇಲೆ ಕೇಳಿದರೆ, “ಅದ್ನ ಪುಟ್ಟಬಸಮ್ಮಂಗೆ ಕೊಟ್ಬುಟ್ಟೆ ಕಣಪ್ಪ, ನಂಗ್ಯಾಕೆ ಇಷ್ಟೊಂದು ಬಣ್ಣ?” ಅಂದಿದ್ದಳು. ಯುಗಾದಿಯ ನೇರಳೆ ಸೀರೆ? ಅದನ್ನೂ ಯಾರಿಗೋ ಕೊಟ್ಟಿದ್ದಳು. ಅದಕ್ಕೂ ಹಿಂದಿನದು? ವರ್ಷವಿಡೀ ಅದೇ ಎರಡು ಮಾಸಿದ ಸೀರೆಗಳಲ್ಲಿ ಓಡಾಡುತ್ತಾಳೆಂದು ಯಶೋಧಾ ರೇಗುತ್ತಿದ್ದಳು, ನೋಡಿದವರು ಸೊಸೆಗೆ ಏನೆನ್ನುತ್ತಾರೆ ಅಂತ. ಅವ್ವನಿಗೆ ಕೊಡುವ ಕೈ ಎಂದು ಸಿದ್ದರಾಜು ಸಮಾಧಾನ ಹೇಳುತ್ತಿದ್ದ. ಈಗ ಆ ಸೀರೆಗಳೆಲ್ಲ ಟಾರ್ಪಾಲಿನ ಮೇಲೆ ಬಿದ್ದಿದ್ದವು. ತೊಳೆದು ಹಿತ್ತಿಲಲ್ಲಿ ಒಣಗಹಾಕಿದರೆ ಸೊಸೆ ನೋಡುತ್ತಾಳೆ, ನೀಲಿ ಬುಟ್ಟಿಗೆ ಹಾಕಿದರೆ ಸೊಸೆ ನೋಡುತ್ತಾಳೆ, ಆದ್ದರಿಂದ ಮಗ ತಂದ ಸೀರೆಯನ್ನು ಒಂದೊಂದು ತುಂಡು ಹರಿದು, ಉಟ್ಟು, ಮಡಿಸಿ, ಸೊಪ್ಪಿನ ಕಡ್ಡಿಯ ಕೆಳಗೆ ಮುಚ್ಚಿ, ಅದೇ ಸೀರೆಯ ಅಂಚಿನಿಂದ ಬಾಯಿ ಕಟ್ಟಿ, ಹಿತ್ತಿಲ ಬಾಗಿಲಲ್ಲಿ ಪುಟ್ಟಬಸಮ್ಮನ ಕೈಗೆ.

ನಂಜನಗೂಡಿನ ಆಚೆ, ಅವರ ಊರಲ್ಲಿ, ಮನೆಯ ಹಿಂದೆ ತಿಪ್ಪೆಯಿತ್ತು. ಸಗಣಿ, ಬೂದಿ, ಮುಸುರೆ, ಹರಿದ ಬಟ್ಟೆ, ಸತ್ತ ಕೋಳಿ, ಎಲ್ಲ ಅದಕ್ಕೇ. ಯಾರೂ ಕೆದಕಿ ನೋಡುತ್ತಿರಲಿಲ್ಲ. ದೀಪಾವಳಿಯಲ್ಲಿ ಅವ್ವ ಅದರ ನೆತ್ತಿಗೆ ಹುಚ್ಚೆಳ್ಳು ಹೂವಿಟ್ಟು ಹಣತೆ ಹಚ್ಚಿ ಕೈಮುಗಿಯುತ್ತಿದ್ದಳು. ಅದರ ಹಿಂದೆಯೇ ಅಲ್ಲವೇ ಚಾಪೆ ಒಣಗುತ್ತಿದ್ದುದು? ಎಷ್ಟೋ ದೊಡ್ಡವನಾಗುವತನಕ, ಸ್ಕೂಲಲ್ಲಿ ಮಾನಿಟರ್ ಆದಮೇಲೂ, ಸಿದ್ದರಾಜು ನಿದ್ದೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಕೋಳಿ ಕೂಗುವ ಮೊದಲೇ ಅವ್ವ ಎದ್ದು, ಅವನನ್ನು ಪಕ್ಕಕ್ಕೆ ಉರುಳಿಸಿ, ಚಾಪೆ ಎಳೆದು, ಕಂಬಳಿ ಹಿಂಡಿ, ಏನೂ ಆಗದವಳಂತೆ ಒಲೆ ಹಚ್ಚುತ್ತಿದ್ದಳು. ಒಂದು ದಿನ ಅಪ್ಪ ಬೇಗ ಎದ್ದವನು ಒದ್ದೆ ಚಾಪೆ ಕಂಡು ಏನೇ ಇದು ಅಂದಾಗ, ಬೇಸಿಗೆಯ ನಟ್ಟನಡುವೆ, ಅವ್ವ ಕಣ್ಣು ಮಿಟುಕಿಸದೆ ಸೂರು ಸೋರಿತು ಅಂದಿದ್ದಳು. ಅಪ್ಪ ಮೇಲೆ ನೋಡಿದ್ದ, ಅವ್ವನ ಮುಖ ನೋಡಿದ್ದ, ಸೂರಿಗೆ ಹುಲ್ಲು ಹಾಕಿಸಬೇಕು ಎಂದು ಹೊರಟುಹೋಗಿದ್ದ. ಆ ಮಾತು ಅವರ ಮನೆಯಲ್ಲಿ ಮತ್ತೆ ಬರಲೇ ಇಲ್ಲ. ಹೆಂಡತಿಗೂ ಅವನು ಇದನ್ನು ಹೇಳಿಲ್ಲ.

“ನೋಡಮ್ಮ,” ಬಿಂದುಮಾಧವರು ತಾಳ್ಮೆಯಿಂದಲೇ ಹೇಳುತ್ತಿದ್ದರು. ನಿವೃತ್ತಿ ಹತ್ತಿರವಾದ ಮೇಲೆ ಅವರ ಕೋಪವೆಲ್ಲ ಸುಸ್ತಾಗಿ ಮಾರ್ಪಟ್ಟಿತ್ತು. “ಇದು ಯಾರ ಮನೇದು ಅಂತ ಹೇಳಿಬಿಡು. ಒಂದು ಮನೆಯವರು ಹೇಳದೆ ಕೇಳದೆ ನಿನ್ನ ತಲೆಗೆ ಕಟ್ಟಿದ್ರು ಅಂತ ಬರ್ಕೊತೀನಿ, ಅವರಿಗೆ ನೋಟೀಸು ಹೋಗುತ್ತೆ, ನಿಮ್ಮ ಅಂಕ ಹಾಗೇ ಇರುತ್ತೆ. ಹೇಳದೇ ಹೋದ್ರೆ ನೀನೇ ಬೇಕಂತ ಈಸ್ಕೊಂಡು ಬಚ್ಚಿಟ್ಟೆ ಅಂತಾಗುತ್ತೆ.” ಪುಟ್ಟಬಸಮ್ಮ ಟಾರ್ಪಾಲಿನ ಅಂಚನ್ನು ಕಾಲ್ಬೆರಳಿನಿಂದ ಸರಿಮಾಡಿದಳು. “ಗೊತ್ತಿಲ್ಲ ಸಾ. ಓಣೀಲಿ ಯಾರ್ಯಾರೋ ಇಟ್ಟಿರ್ತರೆ.” “ಆಗಲೇ ನಂದು ಅಂದೆಯಲ್ಲ?” “ಬಾಯ್ತಪ್ಪಿ ಅಂದೆ ಸಾ.” ನಿಶಾಂತ್ ಕರ್ಚೀಫಿನೊಳಗಿಂದಲೇ, “ಸರ್, ನಾವು ಕಂಪ್ಲೇಂಟ್ ಏನೂ ಮಾಡ್ತಿಲ್ಲ, ಆದ್ರೆ ರೂಲ್ ಎಲ್ಲರಿಗೂ ಒಂದೇ ಅಲ್ವಾ,” ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರೆ. ಸಿದ್ದರಾಜು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಕೈಗಳನ್ನು ಕಿತ್ತಳೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಆ ಹೆಂಗಸು ತನ್ನ ಕಡೆ ಒಂದು ಸಲವಾದರೂ ನೋಡಿಯಾಳೇ ಎಂದು ಕಾದ. ನೋಡಿದರೆ ಸಿಟ್ಟು ಮಾಡಿಕೊಳ್ಳಬಹುದಾಗಿತ್ತು. ಅವಳು ನೋಡಲಿಲ್ಲ.

ಎಲ್ಲರೂ ಜೀಪಿನ ಕಡೆ ನಡೆದಾಗ ಅವನು ಹಿಂದೆ ಉಳಿದ. ಪುಟ್ಟಬಸಮ್ಮ ಮೊಣಕಾಲೂರಿ ಬಟ್ಟೆಯ ತುಂಡುಗಳನ್ನು ಮತ್ತೆ ಗಂಟಿಗೆ ತುಂಬುತ್ತಿದ್ದಳು, ಬರಿಗೈಯಲ್ಲಿ. ಗ್ಲೌಸು ಸೊಂಟದಲ್ಲಿ ನೇತಾಡುತ್ತಿತ್ತು. ಏನು ಹೇಳಬೇಕೆಂದು ತೋಚದೆ ಅವನು, “ಗ್ಲೌಸ್ ಹಾಕ್ಕೋಮ್ಮ,” ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಅವಳು ಗಂಟಿನ ಬಾಯಿ ಕಟ್ಟಿದಳು, ಅದೇ ಗಿಳಿಹಸಿರು ಪಟ್ಟಿಯಿಂದ. “ಎಷ್ಟು ದಿನದಿಂದ?” ಎಂದು ಕೇಳಿದ. “ಆಯ್ತು ಸಾ, ವರ್ಸದ ಮೇಲೆ.” ಎದ್ದು ನಿಂತು ಸೊಂಟ ಹಿಡಿದುಕೊಂಡಳು. “ನಾನೇನ್ ಧರ್ಮಕ್ ಮಾಡ್ತಿಲ್ಲ ಸಾ, ದ್ವಾಡ್ದಾಗಿ ಅಂದ್ಕಬ್ಯಾಡಿ. ಮೊದ್ಲು ಆಗಾಕಿಲ್ಲ ಅಂತ್ಲೇ ಅಂದೆ. ಅಮ್ಮಾವ್ರು ಕೈ ಇಡ್ಕಂಡು ಅತ್ಬುಟ್ರು. ನಂಜುಂಡೇಶ್ವರನ ಮ್ಯಾಲೆ ಆಣೆ ಇಡ್ಸ್ಕಂಡ್ರು, ಯಾರ್ಗೂ ಏಳ್ಕೂಡ್ದು ಅಂತ. ಅದ್ರಲ್ಲೂ ನಿಮ್ಗೆ.” ದೂರದಲ್ಲಿ ಜೀಪು ಹಾರನ್ ಹೊಡೆಯಿತು. ಅವಳು ಗಂಟನ್ನು ಮತ್ತೆ ಸೀಟಿನ ಕೆಳಗೆ ನೂಕಿ, ಆಗ ಮಾತ್ರ ಅವನ ಮುಖ ನೋಡಿದಳು. “ನಂಗೆ ಆಣೆ ಅದೆ ಸಾ. ನಿಮ್ಗಿಲ್ವಲ್ಲ.”

ಆ ಮಾತು ಕಚೇರಿಯತನಕ ಜೀಪಿನಲ್ಲಿ ಅವನ ಪಕ್ಕದಲ್ಲೇ ಕೂತು ಬಂತು. ಬಹಳ ಸುಲಭ, ಎಂದುಕೊಂಡ. ‘ಸರ್, ಅದು ನಮ್ಮ ಮನೆಯದು’ ಎಂದರೆ ಮುಗಿಯಿತು. ಆಮೇಲೆ? ನಿಮ್ಮ ಮನೆಯಲ್ಲಿ ಯಾರದು ಎಂದು ಯಾರೂ ಕೇಳುವುದಿಲ್ಲ, ಕೇಳದೆಯೇ ಲೆಕ್ಕ ಹಾಕುತ್ತಾರೆ. ಲಹರಿ ಹಾಕುತ್ತಾಳೆ, ಡ್ರೈವರ್ ಹಾಕುತ್ತಾನೆ, ಸಂಜೆಯೊಳಗೆ ಕಚೇರಿ ಪೂರ್ತಿ ಹಾಕುತ್ತದೆ. ಮನೆಗೆ ನೋಟೀಸು ಬರುತ್ತದೆ, ಯಶೋಧಾ ಓದುತ್ತಾಳೆ, ಓದಿ ಅತ್ತೆಯ ಕೋಣೆಯ ಕಡೆ ನೋಡುತ್ತಾಳೆ. ಯಶೋಧಾ ಕೆಟ್ಟವಳಲ್ಲ. ಮೊದಲು ಸಿಟ್ಟಾಗಿ, ಆಮೇಲೆ ಅತ್ತು, ಮರುದಿನವೇ ಔಷಧಿ ಅಂಗಡಿಯಿಂದ ದೊಡ್ಡವರ ಡೈಪರು ತಂದು, ಅದಕ್ಕೊಂದು ಕೆಂಪು ಬುಟ್ಟಿಯನ್ನೂ ತಂದು ಅತ್ತೆಯ ಮಂಚದ ಪಕ್ಕದಲ್ಲಿ ಇಡುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಇಡುತ್ತಾಳೆ. ಆ ಕೆಂಪು ಬುಟ್ಟಿಯನ್ನು ನೋಡಿದ ದಿನ ಅವ್ವ ಊಟ ಬಿಡುತ್ತಾಳೆ. ಆದ್ದರಿಂದ ತಾನು ಸುಮ್ಮನಿರುವುದು ಅವ್ವನ ಮಾನಕ್ಕಾಗಿ. ಹೀಗೆ ಅಂದುಕೊಂಡಾಗ ಸ್ವಲ್ಪ ಹಗುರವೆನಿಸಿತು, ಹಗುರವೆನಿಸಿದ್ದೇ ಅನುಮಾನಕ್ಕೂ ಕಾರಣವಾಯಿತು. ಯಾಕೆಂದರೆ ಅವ್ವನ ಮುಖದ ಜೊತೆಜೊತೆಗೇ ಅವನ ಕಣ್ಣಿಗೆ ಕಟ್ಟುತ್ತಿದ್ದುದು ಆ ಫೋಟೋ: ಹಸಿರು ಬುಟ್ಟಿ, ನೀಲಿ ಬುಟ್ಟಿ, ಪಕ್ಕದಲ್ಲಿ ಹಲ್ಲು ಕಿರಿಯುತ್ತಿರುವ ತಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಪ್ರೊಫೆಸರರು ಬೆಳಗಿನ ವಾಕಿಂಗಿನಲ್ಲಿ ನಗುವುದು ಕೇಳಿಸಿತು. ಕೆಸರೆಯ ಹೆಂಗಸರ ಕೂಳು ಒಂದು ಕಡೆ, ತನ್ನ ಒಂದು ಫೋಟೋ ಇನ್ನೊಂದು ಕಡೆ. ತೂಗಿದರೆ ಯಾವುದು ಭಾರವೆಂದು ಯಾವ ಮಗುವಾದರೂ ಹೇಳೀತು.

ಮಧ್ಯಾಹ್ನ ಬಿಂದುಮಾಧವರ ಕೋಣೆಯಲ್ಲಿ ಟೀ ಬಂತು. ಲಹರಿ ಪರದೆಯ ಮೇಲೆ ಅಂಕಗಳನ್ನು ತುಂಬುತ್ತ ಹೋದಳು. ಸಮಯಕ್ಕೆ ಬಂದದ್ದು, ಜನರೊಡನೆ ನಡೆದುಕೊಂಡದ್ದು, ಬೀದಿಯ ಚೊಕ್ಕಟ, ಎಲ್ಲದರಲ್ಲೂ ಸಂಘದ ಹೆಂಗಸರೇ ಮುಂದಿದ್ದರು. ಕೊನೆಯದಕ್ಕೆ ಬಂದು ಅವಳ ಬೆರಳು ನಿಂತಿತು. ಬಿಂದುಮಾಧವರು ಟೀ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ, “ಮನಸ್ಸಲ್ಲಿರೋದು ಹೇಳ್ತೀನಿ ಸಿದ್ದರಾಜು, ನನಗೆ ಆ ಹೆಂಗಸರೇ ಇರಲಿ ಅಂತಿತ್ತು. ಒಂದು ಹೆಸರು ಸಿಕ್ಕಿದ್ರೆ ಸಾಕಾಗಿತ್ತು,” ಎಂದರು. ಆಮೇಲೆ ಏನೋ ಹೊಳೆದವರಂತೆ, “ನಿಮ್ಮದೇ ಬೀದಿಯಲ್ರೀ! ಆ ಓಣಿಯಲ್ಲಿ ವಯಸ್ಸಾದವರು, ಹಾಸಿಗೆ ಹಿಡಿದವರು ಯಾರಿದಾರೆ ನಿಮಗೆ ಗೊತ್ತಿರಬೇಕಲ್ಲ?” ಎಂದು ಕೇಳಿದರು. ಕೇಳಿದ್ದರಲ್ಲಿ ಅನುಮಾನವಿರಲಿಲ್ಲ, ಸಹಾಯ ಬೇಡುವ ದನಿ. ಫ್ಯಾನು ತಿರುಗುತ್ತಿತ್ತು. ಸಿದ್ದರಾಜು ಬಾಯಿ ತೆರೆದ. ನಿಜವಾಗಿಯೂ ಹೇಳಬೇಕೆಂದೇ ತೆರೆದ. ಆಮೇಲೆ ಎಷ್ಟೋ ಸಲ ಆ ಗಳಿಗೆಯನ್ನು ನೆನೆದಾಗ ಅಷ್ಟನ್ನು ಮಾತ್ರ ಅವನು ತನ್ನ ಪರವಾಗಿ ಹೇಳಿಕೊಳ್ಳಬಲ್ಲವನಾಗಿದ್ದ. ಪರದೆಯ ಮೂಲೆಯಲ್ಲಿ ರಿಪೋರ್ಟಿನ ಮೊದಲ ಪುಟ ಸಣ್ಣದಾಗಿ ಕಾಣುತ್ತಿತ್ತು, ಅದರಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕೆ. “ಇಲ್ಲ ಸರ್,” ಎಂದ, “ನಾನು ಆ ಕಡೆ ಹೋಗೋದೇ ಕಮ್ಮಿ.” ಇದಾದರೂ ನಿಜವೇ. ಲಹರಿ ಸೊನ್ನೆ ಒತ್ತಿದಳು. ಒಟ್ಟು ಮೊತ್ತ ತಾನಾಗಿಯೇ ಬದಲಾಯಿತು. ಬಿಂದುಮಾಧವರು ಸಹಿ ಹಾಕಿ ಕಾಗದವನ್ನು ಅವನ ಕಡೆ ತಳ್ಳಿದರು. ಅವನೂ ಹಾಕಿದ. ಸಹಿ ಎಂದಿನ ಹಾಗೆಯೇ ಬಂತು, ಕೊನೆಯ ಅಕ್ಷರದ ಸುರುಳಿಯ ಸಮೇತ.

ಸಂಜೆ ಬಸ್ಸಿನಲ್ಲಿ ಬರುವಾಗ ಅವನು ಏನೇನೋ ಯೋಚಿಸಿದ. ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಆದರೆ ಯಾವುದಕ್ಕೆಂದು ಹೇಳಿ? ಬರೀ ಬಿ.ಪಿ. ನೋಡಿಸೋಣ ಎನ್ನಬೇಕು. ಪುಟ್ಟಬಸಮ್ಮನಿಗೆ ಎಲ್ಲಾದರೂ ಒಂದು ಕೆಲಸ ಹೇಳಬೇಕು. ಅವಳೊಬ್ಬಳಿಗೇ? ಮಿಕ್ಕವರು? ಯೋಚನೆ ಅಲ್ಲಿಗೇ ಕುಂಟಿ ನಿಲ್ಲುತ್ತಿತ್ತು. ಪಕ್ಕದ ಸೀಟಿನವನು ಅವನ ತೋಳಿನ ಮೇಲೆ ತೂಕಡಿಸಿ ಬಿದ್ದ, ಸಿದ್ದರಾಜು ಅವನನ್ನು ಎಬ್ಬಿಸಲಿಲ್ಲ. ಮನೆಗೆ ಬಂದಾಗ ಯಶೋಧಾ ಇನ್ನೂ ಬಂದಿರಲಿಲ್ಲ. ಅವ್ವ ಹಿತ್ತಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು, ಅದೇ ಮಾಸಿದ ಕಂದು ಸೀರೆಯಲ್ಲಿ. ಪಕ್ಕದಲ್ಲಿ ಎರಡು ಖಾಲಿ ಲೋಟಗಳಿದ್ದವು. “ಬಂದ್ಯಾ ಮಗ? ಪುಟ್ಟಬಸಮ್ಮ ಬಂದಿದ್ಲು, ಈಗ ಹೋದ್ಲು,” ಎಂದಳು. ಅವನು ಚಪ್ಪಲಿ ಬಿಟ್ಟು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ಹೀಗೆ ಕೂರದೆ ಎಷ್ಟು ಕಾಲವಾಗಿತ್ತೋ. ಕೂತ ಮೇಲೆ, ಬಹಳ ಸಣ್ಣಗೆ, ಬೆಳಿಗ್ಗೆ ಮೈದಾನದಲ್ಲಿ ಬಡಿದ ವಾಸನೆ ಮೂಗಿಗೆ ಬಂತು. ಸೋಪಿನ ವಾಸನೆಯ ಅಡಿಯಲ್ಲಿ, ವಿಭೂತಿಯ ವಾಸನೆಯ ಅಡಿಯಲ್ಲಿ. ಇಷ್ಟು ದಿನವೂ ಇತ್ತೇನೋ. ಅವನಿಗೆ ಅಳು ಬಂತು. ಕೆಮ್ಮಿ ನುಂಗಿದ.

“ಏನಂದ್ಲು?” ಎಂದು ಕೇಳಿದ. “ಏನಂತಾಳೆ, ಪಾಪ. ಬರೋ ತಿಂಗ್ಳಿಂದ ಬರಾಕಿಲ್ವಂತೆ. ಕೆಲ್ಸ ಬೇರೇರ ಪಾಲಾಯ್ತಂತೆ.” ಅವ್ವ ಲೋಟವನ್ನು ಎತ್ತಿ ತಳದಲ್ಲಿ ಉಳಿದಿದ್ದ ಕಾಫಿಯನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದಳು. “ಯಾರೋ ಮನೇರು ಕಸ್ದಲ್ಲಿ ಹೆಂಡದ ಬಾಟ್ಲಿ, ಸೂಜಿ, ಏನೇನೋ ಸೇರ್ಸಿ ಕಟ್ಕೊಟ್ಬುಟ್ಟವ್ರೆ. ಇವ್ಳು ನೋಡ್ದಲೆ ಈಸ್ಕಂಡವ್ಳೆ. ಸಾಹೇಬ್ರು ಬಿಚ್ಚಿ ನೋಡ್ಬುಟ್ರಂತೆ.” ಹಾಗಾದರೆ ಪುಟ್ಟಬಸಮ್ಮ ಹೀಗೆ ಹೇಳಿದ್ದಾಳೆ. ಕೆಲಸ ಕಳೆದುಕೊಂಡ ದಿನವೂ ಕೆಸರೆಯಿಂದ ಇಲ್ಲಿಯವರೆಗೆ ಬಂದು, ಕೂತು, ಕಾಫಿ ಕುಡಿದು, ಸೂರು ಸೋರಿತು ಎಂದು ಹೇಳಿ ಹೋಗಿದ್ದಾಳೆ. ಅವ್ವನ ದನಿ ಇದ್ದಕ್ಕಿದ್ದಂತೆ ಏರಿತು. “ಯಾವ ಮನೆಹಾಳ್ರೋ ಏನೋ! ತಮ್ಮನೆ ಗಲೀಜ್ನ ತಾವು ನೋಡ್ಕಳಾಕಾಗ್ದೆ ಆ ಬಡವಿ ಕೂಳಿಗೆ ಮಣ್ಣಾಕವ್ರಲ್ಲ. ಹೆಸ್ರು ಏಳು, ಬುಟ್ಬುಡ್ತೀವಿ ಅಂದ್ರಂತೆ, ಏಳ್ನಿಲ್ವಂತೆ ಹುಚ್ಚು ಮುಂಡೆ. ಆ ಮನೇರಾದ್ರೂ ಬಂದು ನಮ್ದೇ ಅನ್ಬೇಕಾ ಬ್ಯಾಡ್ವಾ? ಎಂಥ ಗಂಡಸ್ರಿದ್ದರು ಆ ಮನೇಲಿ? ಎಕ್ಕುಟ್ಟೋಗ ಅವ್ರ ಮನೆ!” ಅಂದು ನೆಲಕ್ಕೆ ಲಟಲಟನೆ ಬೆರಳು ಮುರಿದಳು, ಊರಲ್ಲಿ ಹೊಲದ ಜಗಳಕ್ಕೆ ಮುರಿಯುತ್ತಿದ್ದ ಹಾಗೆ. ಆಮೇಲೆ ಅವನ ಕಡೆ ತಿರುಗಿದಳು. “ನೀನೂ ಅಲ್ಲೇ ಇದ್ಯಲ್ಲಪ್ಪ. ಯಾರ ಮನೇದು, ಗೊತ್ತಾಯ್ತಾ?”

ಸಿದ್ದರಾಜು ಅವಳ ಪಾದಗಳನ್ನು ನೋಡುತ್ತಿದ್ದ. ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು, ಕಾಲುಂಗುರ ಸವೆದು ತಂತಿಯಷ್ಟಾಗಿತ್ತು. “ಇಲ್ಲ ಕಣವ್ವ,” ಎಂದ, “ಗೊತ್ತಾಗ್ಲಿಲ್ಲ.” ಅವ್ವ ನಿಟ್ಟುಸಿರು ಬಿಟ್ಟಳು. ದೀಪ ಹಚ್ಚುವ ಹೊತ್ತಾಗುತ್ತಿತ್ತು. ದೀಪ ಹಚ್ಚಿದ ಮೇಲೆ ಮನೆಯ ಕಸ ಮುಟ್ಟಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬುದು ಅವಳು ಊರಿನಿಂದ ತಂದ ನಿಯಮ. ಗೋಡೆ ಹಿಡಿದು ಎದ್ದಳು, ಎದ್ದು ಅಲ್ಲೇ ಒಂದು ಗಳಿಗೆ ನಿಂತಳು, ಏನೋ ಕೇಳಬೇಕು, ಹೇಗೆ ಕೇಳಬೇಕೋ ತಿಳಿಯದು ಎಂಬಂತೆ. ಕೊನೆಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಹಳ ಹಗುರವಾಗಿ ಕೇಳಿದಳು. “ಮಗ, ಈ ಹೊಸ ಹುಡುಗ್ರು ಬತ್ತಾರಲ್ಲ, ಅವ್ರೂ ಗಂಟು ಬಿಚ್ಚಿ ನೋಡ್ತಾರಾ?”

ನೋಡುತ್ತಾರೆ. ಪ್ರತಿಯೊಂದನ್ನೂ ಬಿಚ್ಚಿ ನೋಡಬೇಕೆಂದು ಅವನೇ ಬರೆದಿದ್ದ, ಇವತ್ತು ಅದಕ್ಕೇ ಸಹಿಯನ್ನೂ ಹಾಕಿ ಬಂದಿದ್ದ. “ಇಲ್ಲವ್ವ,” ಎಂದ ಸಿದ್ದರಾಜು, “ಯಾರೂ ಬಿಚ್ಚಲ್ಲ.”

“ಅಂಗಾದ್ರೆ ಸರಿ,” ಎಂದು ಅವ್ವ ಒಳಗೆ ಹೋದಳು. ಅವಳ ಕೋಣೆಯ ಬಾಗಿಲು ಮುಚ್ಚಿ ಅಗುಳಿ ಬಿದ್ದದ್ದು ಕೇಳಿಸಿತು. ಅವನು ಮೆಟ್ಟಿಲ ಮೇಲೆ, ಪುಟ್ಟಬಸಮ್ಮ ಕೂತು ಎದ್ದುಹೋದ ಜಾಗದಲ್ಲಿ, ಖಾಲಿ ಲೋಟಗಳ ಪಕ್ಕ ಕೂತೇ ಇದ್ದ. ಒಳಗಿನಿಂದ, ಮೊದಲು ತಡೆದು ತಡೆದು, ಆಮೇಲೆ ಒಂದೇ ಸಮನೆ, ಹೊಸ ಸೀರೆಯೊಂದು ಹರಿಯುವ ಸದ್ದು ಬಂತು.